ಮಕ್ಕಳೂ ಗ್ರಹಯಾನವೂ



ನಮ್ಮ ನೆರೆಮನೆಯ ಹುಡುಗನೊಬ್ಬನು ಮೊನ್ನೆ ಬೆಳಗ್ಗೆ ಜಗಲಿಯ ಮೇಲೆ ನಿಂತು ಭಾಷಣವೊಂದನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದನು. ಆಗಸ್ಟ್ ೨೩ನೆಯ ತಾರೀಖನ್ನು ೨೦೨೪ನೆಯ ಇಸವಿಯಿಂದ ರಾಷ್ಟ್ರೀಯ ಬಾಹ್ಯಾಕಾಶ ದಿನವೆಂದು ಆಚರಿಸುತ್ತಿರುವುದು ತಮಗೆಲ್ಲ ತಿಳಿದೇ ಇದೆ. ಅಂದು ಶಾಲೆಯಲ್ಲಿ ಒಪ್ಪಿಸತಕ್ಕ ಭಾಷಣವದು. ನೌಕೆಗಳ ಹೆಸರು, ಉಡಾಯಿಸಿದ ತಾರೀಖು, ತೂಕ, ಖರ್ಚು, ಕಡೆಯಲ್ಲಿ ದೇಶದ ಕೀರ್ತಿ, ಎಲ್ಲವೂ ಅದರಲ್ಲಿದ್ದುವು, ಒಂದಕ್ಷರವೂ ತಪ್ಪಲಿಲ್ಲ. ನಾನು ಮೆಚ್ಚಿ, "ಮಗೂ, ಮಂಗಳಯಾನವು ಮಂಗಳನ ಬಳಿ ಸೇರುವುದಕ್ಕೆ ಹತ್ತು ತಿಂಗಳಿಗೂ ಹೆಚ್ಚು ಹಿಡಿಯಿತೆಂದೆಯಲ್ಲ, ನೆಟ್ಟಗೆ ಹೋಗಿದ್ದರೆ ಬೇಗ ಸೇರುತ್ತಿರಲಿಲ್ಲವೆ?" ಎಂದು ಕೇಳಿದೆನು. ಹುಡುಗನು ಕ್ಷಣಕಾಲ ಯೋಚಿಸಿ, "ಅದು ಭಾಷಣದಲ್ಲಿ ಇಲ್ಲ ತಾತ" ಎಂದುಬಿಟ್ಟನು.

ತಪ್ಪು ಹುಡುಗನದಲ್ಲ. ಈ ವಿಷಯವನ್ನು ಮಕ್ಕಳಿಗೆ ಹೇಳುವಾಗ ನಾವು ಹಿರಿಯರು ಹೆಸರನ್ನೂ ಹೆಮ್ಮೆಯನ್ನೂ ಕೊಟ್ಟು, ಲೆಕ್ಕವನ್ನು ನಮ್ಮಲ್ಲಿಯೇ ಇಟ್ಟುಕೊಳ್ಳುತ್ತೇವೆ. ಅಥವಾ ಆ ಲೆಕ್ಕವು ನಮಗೂ ತಿಳಿದಿರುವುದಿಲ್ಲ. ಎರಡನೆಯದೇ ಹೆಚ್ಚು ನಿಜವೆಂದು ನನ್ನ ಅನುಭವ. ಸಂಸ್ಕೃತವನ್ನೋದಿ ಬಂದ ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಬೇರೆ ಉಪಾಧ್ಯಾಯರಿಲ್ಲದ ಕಾರಣ, ವಿಜ್ಞಾನವನ್ನೂ ಅನೇಕ ವರ್ಷ ಬೋಧಿಸಬೇಕಾಯಿತು. ಗ್ರಹಯಾನದ ಪಾಠವನ್ನು ನಾನು ಮಕ್ಕಳಿಗೆ ಕಲಿಸಿದುದಕ್ಕಿಂತ ಮಕ್ಕಳಿಂದ ಕಲಿತುದೇ ಹೆಚ್ಚು. ಅದರಲ್ಲಿ ಕೆಲವನ್ನು ಈ ತಿಂಗಳ ಮಾತಿನಲ್ಲಿ ತಮ್ಮ ಮುಂದಿಡುತ್ತೇನೆ.

ಮೊದಲು ಮಾತಿನ ತೊಡಕು. ನಮ್ಮ ನವಗ್ರಹಗಳಲ್ಲಿ ಸೂರ್ಯನೂ ಚಂದ್ರನೂ ರಾಹು ಕೇತುಗಳೂ ಉಂಟು. ನಾವು ನಿಂತಿರುವ ಭೂಮಿಯೇ ಇಲ್ಲ. ಶಾಲೆಯ ಪುಸ್ತಕದಲ್ಲಾದರೋ ಭೂಮಿಯು ಗ್ರಹ, ಸೂರ್ಯನು ನಕ್ಷತ್ರ, ಚಂದ್ರನು ಉಪಗ್ರಹ. ಒಂದೇ ಶಬ್ದವು ಮನೆಯಲ್ಲಿ ಒಂದರ್ಥವನ್ನೂ ಶಾಲೆಯಲ್ಲಿ ಇನ್ನೊಂದರ್ಥವನ್ನೂ ಹೇಳುವಾಗ ಮಗುವು ಯಾವುದನ್ನು ನಂಬಬೇಕು? ಗ್ರಹವೆಂದರೆ ಹಿಡಿಯುವುದು ಎಂದು ಧಾತುವಿನ ಅರ್ಥ. ಆದರೆ ಅದೇ ಧಾತುವಿನಿಂದಲೇ 'ಗ್ರಹಿಸು' ಎಂಬ ಮಾತೂ ನಮ್ಮ ಭಾಷೆಗೆ ಬಂದಿದೆ. ಗ್ರಹವು ನಮ್ಮನ್ನು ಹಿಡಿಯುತ್ತದೆಯೆಂದು ಹಿಂದಿನವರು ಅಂಜಿದ್ದುಂಟು. ಈಗ ನಾವು ಅದನ್ನು ಗ್ರಹಿಸಲು ಹೊರಟಿದ್ದೇವೆ. ಈ ಎರಡನ್ನೂ ಮಕ್ಕಳಿಗೆ ಬಿಡಿಸಿ ಹೇಳಿದರೆ ಅವು ಗಲಿಬಿಲಿಗೊಳ್ಳುವುದಿಲ್ಲ.

೨೦೧೪ನೆಯ ಸೆಪ್ಟೆಂಬರ್ ೨೪ರಂದು ಮಂಗಳಯಾನವು ಮಂಗಳನ ಸುತ್ತಿನ ಕಕ್ಷೆಯನ್ನು ಸೇರಿತು. ಅಂದು ತರಗತಿಯಲ್ಲಿ ಆ ಸಂಗತಿಯನ್ನು ಹೇಳಿದೆನು. ಮರುದಿನ ಶಾಲೆಯ ಬಾಗಿಲಿಗೆ ಒಬ್ಬ ಅಜ್ಜಿ ಬಂದರು. "ಮೇಷ್ಟ್ರೇ, ನಮ್ಮ ದೊಡ್ಡ ಮೊಮ್ಮಗಳ ಜಾತಕದಲ್ಲಿ ಕುಜದೋಷ ಅಂತ ಎರಡು ಸಂಬಂಧ ತಪ್ಪಿಹೋದವು. ನೀವು ನೋಡಿದರೆ ಕುಜನ ಸುತ್ತ ಯಂತ್ರ ತಿರುಗುತ್ತೆ ಅಂತ ಈ ಚಿಕ್ಕವಳಿಗೆ ಹೇಳಿದ್ದೀರಿ. ಯಾವುದು ನಿಜ?" ಎಂದು ಕೇಳಿದರು. ಅವರು ಜಗಳಕ್ಕೆ ಬಂದವರಲ್ಲ. ನಿಜವಾಗಿಯೂ ತಿಳಿಯಬೇಕೆಂದು ಬಂದವರು. ಶಾಸ್ತ್ರವನ್ನೋದಿದವನೆಂಬ ಗೌರವದಿಂದ ನನ್ನನ್ನು ಕೇಳಿದರು. ಜಾರಿಕೊಳ್ಳುವುದಕ್ಕೆ ನನಗೆ ದಾರಿಗಳು ಬೇಕಾದಷ್ಟಿದ್ದುವು. ಆದರೆ ಪಕ್ಕದಲ್ಲಿ ಆ ಚಿಕ್ಕವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಮ್ಮಾ, ಸಂಜೆ ಬನ್ನಿ, ತೋರಿಸುತ್ತೇನೆ" ಎಂದೆನು.

ಆ ವಾರ ಮಂಗಳನು ಸಂಜೆಯ ನೈಋತ್ಯದಲ್ಲಿ, ಜ್ಯೇಷ್ಠಾ ನಕ್ಷತ್ರದ ಹತ್ತಿರದಲ್ಲಿಯೇ ಇದ್ದನು. ಎರಡೂ ಕೆಂಪು ಚುಕ್ಕೆಗಳು. ಮೋಡ ಸರಿದ ಒಂದು ಹೊತ್ತಿನಲ್ಲಿ ಅಜ್ಜಿಗೂ ಮಕ್ಕಳಿಗೂ ಎರಡನ್ನೂ ತೋರಿಸಿ, ನಾಲ್ಕು ದಿನ ಬಿಟ್ಟು ಮತ್ತೆ ನೋಡಿ, ಯಾವುದು ಸರಿದಿದೆಯೋ ಅದೇ ಮಂಗಳನೆಂದು ಹೇಳಿದೆನು. ಅಂಗಾರಕನೆಂಬ ಹೆಸರು ಅವನ ಬಣ್ಣದಿಂದ ಬಂದುದು. ಆ ಕೆಂಪಾದರೋ ಕಬ್ಬಿಣದ ತುಕ್ಕಿನ ಕೆಂಪು. ಮೂಲೆಯಲ್ಲಿ ಬಿದ್ದ ಹಳೆಯ ಕುಡುಗೋಲಿನ ಮೇಲೆ ಕಾಣುವಂಥದೇ. ಅಲ್ಲಿರುವುದು ಕಲ್ಲು, ಧೂಳು, ಚಳಿ. ನಮ್ಮ ಹುಡುಗಿಯ ಮದುವೆಯ ಸುದ್ದಿ ಆ ಗೋಳಕ್ಕೆ ತಿಳಿಯದು ಎಂದು ಮೆಲ್ಲಗೆ ಹೇಳಿದೆನು. ಅಜ್ಜಿ ಬಹಳ ಹೊತ್ತು ನೋಡಿ, "ಇಷ್ಟು ಚಿಕ್ಕದಕ್ಕೆ ನಾವು ಇಷ್ಟು ಹೆದರಿದೆವಾ?" ಎಂದರು. ಅವರು ಆಮೇಲೆ ಜಾತಕ ನೋಡಿಸುವುದನ್ನು ಬಿಟ್ಟರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಶಾಲೆಯಲ್ಲಿ ನಿಜವನ್ನು ಮುಚ್ಚಕೂಡದು. ಮನೆಯಲ್ಲಿ ಅಜ್ಜಿಯನ್ನು ಹೀಯಾಳಿಸಲು ಮಗುವಿಗೆ ಕಲಿಸಲೂಕೂಡದು. ಈ ಎರಡನ್ನೂ ಕಾಪಾಡಿಕೊಂಡರೆ ಸಾಕು.

ಇದರೊಡನೆ ಇನ್ನೊಂದು ಮಾತು. ನನ್ನಂತೆ ಸಂಸ್ಕೃತವನ್ನೋದಿದವರಿಗೆ 'ಇದೆಲ್ಲ ನಮ್ಮ ಹಿಂದಿನವರಿಗೆ ಗೊತ್ತೇ ಇತ್ತು' ಎನ್ನುವ ಚಪಲವಿರುತ್ತದೆ. ಮಕ್ಕಳ ಮುಂದೆ ಹಾಗೆನ್ನಬಾರದು. ಆರ್ಯಭಟನು ಕ್ರಿ.ಶ. ೪೯೯ರಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ತಿರುಗುವುದು ಭೂಮಿಯೇ ಹೊರತು ನಕ್ಷತ್ರಚಕ್ರವಲ್ಲವೆಂದು ಹೇಳಿದನು. ಅವನ ತರುವಾಯದ ದೊಡ್ಡ ಪಂಡಿತರೇ ಅದನ್ನೊಪ್ಪಲಿಲ್ಲ. ಕಂಡುದನ್ನು ಲೆಕ್ಕದಿಂದ ಒರೆಹಚ್ಚಿ, ಎಲ್ಲರೂ ಬೇರೆ ಹೇಳುವಾಗಲೂ ನಿಂತುಕೊಂಡುದೇ ಅವನ ಹಿರಿಮೆ. ನಮ್ಮ ದೇಶದ ಮೊದಲ ಉಪಗ್ರಹವು ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಉಡುಪಿ ರಾಮಚಂದ್ರರಾಯರ ಮುಂದಾಳುತನದಲ್ಲಿ ಸಿದ್ಧವಾಗಿ, ೧೯೭೫ನೆಯ ಏಪ್ರಿಲ್ ೧೯ರಂದು ಸೋವಿಯತ್ ದೇಶದಿಂದ ಮೇಲೇರಿತು. ಅದಕ್ಕೆ ಆರ್ಯಭಟನ ಹೆಸರನ್ನಿಟ್ಟುದು ಉಚಿತವೇ ಸರಿ. ಹೇಳುವುದಾದರೆ ಇಷ್ಟನ್ನು ಹೇಳಬೇಕು. ಇದು ಸಾಕು, ಮತ್ತು ಇದು ನಿಜ.

ಇನ್ನು ನೆಟ್ಟಗೆ ಹೋಗುವ ಪ್ರಶ್ನೆ. ಇದು ನನ್ನ ಸ್ವಂತ ಪ್ರಶ್ನೆಯಲ್ಲ. ಅದೇ ೨೦೧೪ರಲ್ಲಿ ಆರನೆಯ ತರಗತಿಯ ಹುಡುಗನೊಬ್ಬನು ಅದನ್ನು ನನಗೆ ಹಾಕಿದನು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆನ್ನುವುದಕ್ಕೆ ನಾಚಿ, "ನೆಟ್ಟಗೆ ಹೋದರೆ ದಾರಿಯಲ್ಲಿ ಸೂರ್ಯನ ತಾಪ ಹೆಚ್ಚು" ಎಂದು ಬಾಯಿಗೆ ಬಂದುದನ್ನು ಹೇಳಿ ಕುಳ್ಳಿರಿಸಿದೆನು. ಹುಡುಗನು ಕುಳಿತನು, ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಮಂಗಳನಿರುವುದು ಸೂರ್ಯನಿಂದ ನಮಗಿಂತ ದೂರದಲ್ಲಿ. ಅತ್ತ ಹೋದಂತೆ ತಾಪ ಕಡಿಮೆಯಾಗಬೇಕಲ್ಲವೆ? ಮರುದಿನ ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರಲ್ಲಿಗೆ ಹೋಗಿ ಕೇಳಿ ತಿಳಿದು, ಮೂರನೆಯ ದಿನ ತರಗತಿಯಲ್ಲಿ, "ಮೊನ್ನೆ ನಾನು ಹೇಳಿದುದು ತಪ್ಪು" ಎಂದು ಒಪ್ಪಿಕೊಂಡು, ಮಕ್ಕಳನ್ನೆಲ್ಲ ಆಟದ ಬಯಲಿಗೆ ಕರೆದುಕೊಂಡುಹೋದೆನು.

ನಡುವೆ ಸೂರ್ಯನೆಂದು ಒಂದು ಬಿಂದಿಗೆಯನ್ನಿಟ್ಟು, ಅದರ ಸುತ್ತ ಹತ್ತು ಹೆಜ್ಜೆಯ ದೂರದಲ್ಲಿ ಒಂದು, ಹದಿನೈದು ಹೆಜ್ಜೆಯ ದೂರದಲ್ಲಿ ಇನ್ನೊಂದು, ಹೀಗೆ ಸುಣ್ಣದ ಪುಡಿಯಿಂದ ಎರಡು ವೃತ್ತಗಳನ್ನು ಹಾಕಿಸಿದೆನು. ಸೂರ್ಯನಿಂದ ಭೂಮಿಗೆ ಸುಮಾರು ೧೫ ಕೋಟಿ ಕಿಲೋಮೀಟರು, ಮಂಗಳನಿಗೆ ಸುಮಾರು ೨೩ ಕೋಟಿ. ಅಳತೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಒಳಗಿನ ವೃತ್ತದಲ್ಲಿ ಒಬ್ಬನು ಭೂಮಿ, ಹೊರಗಿನದರಲ್ಲಿ ಒಬ್ಬಳು ಮಂಗಳ. ಭೂಮಿಯು ೩೬೫ ದಿನಗಳಲ್ಲಿ ಒಂದು ಸುತ್ತು ಬರುವುದು, ಮಂಗಳನು ೬೮೭ ದಿನಗಳಲ್ಲಿ. ಭೂಮಿಯಾದವನು ನಡೆಯುತ್ತಲೇ ಮಂಗಳಳತ್ತ ಚೆಂಡನ್ನು ಎಸೆಯಬೇಕು. ಅವಳು ನಿಂತಿದ್ದ ಕಡೆಗೇ ಎಸೆದರೆ ಚೆಂಡು ತಲುಪುವಷ್ಟರಲ್ಲಿ ಅವಳು ಮುಂದೆ ಹೋಗಿರುತ್ತಾಳೆ. ಓಡುವ ಕರುವನ್ನು ಹಿಡಿಯುವವನು ಕರುವಿರುವಲ್ಲಿಗೆ ಓಡುವುದಿಲ್ಲ. ಅದು ಬರುವಲ್ಲಿಗೆ ಅಡ್ಡಹೋಗುತ್ತಾನೆ. ಹಳ್ಳಿಯ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ನೌಕೆಯ ದಾರಿ ಬಾಗುವುದಕ್ಕೆ ಇನ್ನೊಂದು ಕಾರಣವುಂಟು. ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರು ವೇಗದಿಂದ ಓಡುತ್ತಿದೆ. ಅದರಿಂದ ಹೊರಟ ನೌಕೆಗೂ ಆ ಓಟವು ಹುಟ್ಟಿನಿಂದಲೇ ಬಂದಿರುತ್ತದೆ. ಓಡುವ ಬಸ್ಸಿನಿಂದ ಎಸೆದ ಕಾಯಿ ಬಸ್ಸಿನೊಡನೆಯೇ ಮುಂದಕ್ಕೂ ಹೋಗುವುದಿಲ್ಲವೆ? ಆ ಓಟವನ್ನು ಮುರಿದು ನೆಟ್ಟಗೆ ಹೋಗಬೇಕಾದರೆ ಅಪಾರವಾದ ಇಂಧನ ಬೇಕು. ಅದನ್ನೇ ಉಪಯೋಗಿಸಿಕೊಂಡು, ಸ್ವಲ್ಪ ಹೆಚ್ಚು ವೇಗವನ್ನು ಮಾತ್ರ ಸೇರಿಸಿ, ಸೂರ್ಯನ ಸುತ್ತ ಅರ್ಧ ಸುತ್ತು ಬಳಸಿ ಹೋಗುವುದೇ ಮಿತವ್ಯಯದ ದಾರಿ. ಅಂತಹ ದಾರಿಗೆ ಸುಮಾರು ೨೬೦ ದಿನ ಬೇಕು. ಅಷ್ಟು ದಿನಗಳಲ್ಲಿ ಮಂಗಳನು ತನ್ನ ವೃತ್ತದಲ್ಲಿ ೧೩೬ ಅಂಶ ನಡೆಯುತ್ತಾನೆ. ನೌಕೆ ನಡೆಯುವುದು ಅರ್ಧವೃತ್ತ, ಎಂದರೆ ೧೮೦ ಅಂಶ. ಕಳೆದರೆ ೪೪. ಆದಕಾರಣ ನೌಕೆ ಹೊರಡುವ ದಿನ ಮಂಗಳನು ಭೂಮಿಗಿಂತ ಸುಮಾರು ೪೪ ಅಂಶ ಮುಂದಿರಬೇಕು. ತ್ರೈರಾಶಿಯನ್ನೂ ವ್ಯವಕಲನವನ್ನೂ ಬಲ್ಲ ಹುಡುಗಿಯೊಬ್ಬಳು ನೆಲದ ಮೇಲೆ ಕಡ್ಡಿಯಿಂದ ಬರೆದು ಈ ಲೆಕ್ಕವನ್ನು ಮಾಡಿದಾಗ ಅವಳ ಮುಖದಲ್ಲಿ ಕಂಡ ಬೆಳಕನ್ನು ನಾನು ಯಾವ ಭಾಷಣದಲ್ಲಿಯೂ ಕಂಡಿಲ್ಲ.

ಆ ಬಯಲಿನಲ್ಲಿಯೇ ಇನ್ನೊಂದು ಸಂಗತಿಯೂ ತಾನಾಗಿ ಹೊರಬಿದ್ದಿತು. ಒಳಗಿನ ವೃತ್ತದ ಹುಡುಗನು ಹೊರಗಿನವಳನ್ನು ಹಿಂದೆಹಾಕುವಾಗ ಕೂಗಿದನು: "ಸಾರ್, ಇವಳು ಹಿಂದಕ್ಕೆ ಹೋಗ್ತಿದ್ದಾಳೆ!" ದೂರದ ತೆಂಗಿನ ಮರಗಳ ಸಾಲಿಗೆ ಹೋಲಿಸಿ ನೋಡಿದರೆ ಅವನ ಕಣ್ಣಿಗೆ ಹಾಗೆಯೇ ಕಾಣುತ್ತದೆ. ಪಂಚಾಂಗದಲ್ಲಿ ನಾವೆಲ್ಲ ಓದಿರುವ ಕುಜನ ವಕ್ರಗತಿಯೆಂದರೆ ಇಷ್ಟೆ. ಕುಜನು ಹಿಂದೆ ಸರಿಯುವುದೇ ಇಲ್ಲ. ಮುಂದೆ ಹೋದವರು ನಾವು. ಭೂಮಿಯು ಹೀಗೆ ಮಂಗಳನನ್ನು ಹಿಂದೆಹಾಕುವುದು ಸುಮಾರು ೨೬ ತಿಂಗಳಿಗೊಮ್ಮೆ. ಮಂಗಳನ ದಾರಿಯ ಬಾಗಿಲು ತೆರೆಯುವುದೂ ೨೬ ತಿಂಗಳಿಗೊಮ್ಮೆಯೇ. ನಮ್ಮ ಮಂಗಳಯಾನವು ೨೦೧೩ನೆಯ ನವೆಂಬರ್ ೫ರಂದು ಶ್ರೀಹರಿಕೋಟೆಯಿಂದ ಹೊರಟಿತು. ಅಮೆರಿಕದ ಮಾವೆನ್ ಎಂಬ ನೌಕೆ ಅದೇ ತಿಂಗಳ ೧೮ರಂದು ಹೊರಟು, ನಮ್ಮದಕ್ಕಿಂತ ಎರಡು ದಿನ ಮೊದಲು ಸೇರಿತು. ೨೦೨೦ನೆಯ ಜುಲೈ ತಿಂಗಳೊಂದರಲ್ಲಿಯೇ ಅರಬ್ ಸಂಯುಕ್ತ ಸಂಸ್ಥಾನ, ಚೀನ, ಅಮೆರಿಕ ಈ ಮೂರು ದೇಶಗಳ ನೌಕೆಗಳು ಮಂಗಳನತ್ತ ಹೊರಟುವು. ಒಬ್ಬರನ್ನೊಬ್ಬರು ನೋಡಿ ಹೊರಟವರಲ್ಲ. ಎಲ್ಲರ ಮುಂದೆಯೂ ಇದ್ದುದು ಒಂದೇ ಲೆಕ್ಕ.

ನಮ್ಮ ರಾಕೆಟ್ಟು ಚಿಕ್ಕದಾದುದರಿಂದ ಮಂಗಳಯಾನವನ್ನು ಒಂದೇ ನೂಕಿಗೆ ಆಚೆ ಕಳುಹಿಸಲಾಗಲಿಲ್ಲ. ಉಯ್ಯಾಲೆಯನ್ನು ತೂಗುವವರು ಪ್ರತಿಸಲವೂ ಅದೇ ಜಾಗದಲ್ಲಿ ನೂಕಿ ಎತ್ತರಕ್ಕೇರಿಸುವಂತೆ, ನೌಕೆಯು ಭೂಮಿಗೆ ಹತ್ತಿರ ಬಂದಾಗಲೆಲ್ಲ ಎಂಜಿನನ್ನು ಉರಿಸಿ ಕಕ್ಷೆಯನ್ನು ದೊಡ್ಡದು ಮಾಡುತ್ತ ಬಂದು, ಡಿಸೆಂಬರ್ ೧ರ ನಡುರಾತ್ರಿಯ ತರುವಾಯ ಭೂಮಿಯ ಹಿಡಿತದಿಂದ ಬಿಡಿಸಿದರು. ಅಲ್ಲಿಂದ ೨೯೮ ದಿನ. ಸೇರುವ ಹೊತ್ತಿಗೆ ಅದು ನಮ್ಮಿಂದ ೨೦ ಕೋಟಿ ಕಿಲೋಮೀಟರಿಗೂ ಆಚೆ ಇದ್ದಿತು. ನಾವು ಹೇಳಿದ ಮಾತು ಅಲ್ಲಿಗೆ ಮುಟ್ಟುವುದಕ್ಕೆ ಹನ್ನೆರಡೂವರೆ ನಿಮಿಷ, ಉತ್ತರ ಬರುವುದಕ್ಕೆ ಮತ್ತೆ ಅಷ್ಟೇ. ಎಂಜಿನು ಉರಿಯಬೇಕಾದುದು ಸುಮಾರು ೨೪ ನಿಮಿಷ. ತಪ್ಪಾಯಿತೆಂದು ತಿಳಿದು ಇಲ್ಲಿಂದ ತಿದ್ದುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಅದಕ್ಕಾಗಿ ಮಾಡಬೇಕಾದುದನ್ನೆಲ್ಲ ಮೊದಲೇ ಬರೆದು ನೌಕೆಗೆ ಕಳುಹಿಸಿ, ಬೆಂಗಳೂರಿನಲ್ಲಿದ್ದವರು ಸುಮ್ಮನೆ ಕಾದಿದ್ದರು. ಪರೀಕ್ಷೆಗೆ ಮಗನನ್ನು ಕಳುಹಿಸಿ ಹೊರಗೆ ಮರದ ಕೆಳಗೆ ನಿಂತ ತಂದೆತಾಯಿಗಳ ಸ್ಥಿತಿಯೇ ಅವರದೂ. ಆರು ತಿಂಗಳು ಬಾಳಲೆಂದು ಮಾಡಿದ ಆ ನೌಕೆ ೨೦೨೨ರವರೆಗೂ ನಮ್ಮೊಡನೆ ಮಾತನಾಡಿತು.

ಮನೆಯಲ್ಲಿ ಮಾಡಬಹುದಾದ ಒಂದು ಆಟವನ್ನು ಹೇಳುತ್ತೇನೆ. ೧೯೬೫ನೆಯ ಜುಲೈ ತಿಂಗಳಲ್ಲಿ ಅಮೆರಿಕದ ಮ್ಯಾರಿನರ್ ೪ ಎಂಬ ನೌಕೆಯು ಮಂಗಳನ ಪಕ್ಕದಲ್ಲಿ ಹಾದು, ಮೊಟ್ಟಮೊದಲ ಸಲ ಹತ್ತಿರದಿಂದ ಚಿತ್ರಗಳನ್ನು ತೆಗೆಯಿತು. ಒಂದೊಂದು ಚಿತ್ರವೂ ಇನ್ನೂರು ಸಾಲು, ಸಾಲಿಗೆ ಇನ್ನೂರು ಚುಕ್ಕೆ. ಒಂದು ಚುಕ್ಕೆಗೆ ಒಂದು ಸಂಖ್ಯೆ. ಒಂದು ಚಿತ್ರವು ಭೂಮಿಗೆ ಬಂದು ಮುಟ್ಟಲು ಎಂಟು ಗಂಟೆಗೂ ಮೇಲೆ ಹಿಡಿಯುತ್ತಿದ್ದಿತು. ಅಷ್ಟು ಹೊತ್ತು ತಡೆಯಲಾರದೆ ಅಲ್ಲಿಯ ಎಂಜಿನಿಯರುಗಳು ಸಂಖ್ಯೆಗಳನ್ನು ಅಚ್ಚುಮಾಡಿದ ಕಾಗದದ ಪಟ್ಟಿಗಳನ್ನು ಗೋಡೆಗೆ ಅಂಟಿಸಿ, ಮಕ್ಕಳಂತೆ ಬಣ್ಣದ ಕಡ್ಡಿಗಳಿಂದ ಒಂದೊಂದು ಸಂಖ್ಯೆಗೂ ಒಂದೊಂದು ಬಣ್ಣ ತುಂಬಿದರು. ತಾವೂ ಚೌಕಳಿ ಹಾಳೆಯಲ್ಲಿ ಒಂದು ಚಿತ್ರವನ್ನು ಸಂಖ್ಯೆಗಳಾಗಿ ಬರೆದುಕೊಂಡು, ಅಡುಗೆಮನೆಯಿಂದ ಅವನ್ನು ಒಂದೊಂದಾಗಿ ಕೂಗಿ ಹೇಳಿರಿ. ಮಕ್ಕಳು ಹಜಾರದಲ್ಲಿ ಕುಳಿತು ಬಣ್ಣ ತುಂಬಲಿ. ಒಂದು ಸಂಖ್ಯೆ ತಪ್ಪಿ ಕೇಳಿಸಿದರೆ ಚಿತ್ರ ಹೇಗೆ ಕೆಡುತ್ತದೆಂಬುದನ್ನೂ ಅವು ನೋಡಲಿ.

ಕೆಡುವ ಮಾತು ಬಂದುದರಿಂದ ಮುಖ್ಯವಾದುದಕ್ಕೆ ಬರುತ್ತೇನೆ. ೧೯೯೯ರಲ್ಲಿ ಅಮೆರಿಕದ ಒಂದು ನೌಕೆ ಮಂಗಳನನ್ನು ಸೇರುವ ದಿನವೇ ನಾಶವಾಯಿತು. ಒಂದು ತಂಡದವರು ಪೌಂಡಿನ ಮಾನದಲ್ಲಿ ಲೆಕ್ಕ ಕೊಟ್ಟರೆ ಇನ್ನೊಂದು ತಂಡದವರು ಮೆಟ್ರಿಕ್ ಮಾನವೆಂದು ತಿಳಿದಿದ್ದರು. ಉತ್ತರದ ಮುಂದೆ ಮಾನವನ್ನು ಬರೆಯದ ಮಕ್ಕಳಿಗೆ ನಾನು ಈ ಕಥೆಯನ್ನು ನಗುತ್ತ ಹೇಳುತ್ತಿದ್ದೆನು. ನಗುವು ನಿಂತುದು ೨೦೧೯ನೆಯ ಸೆಪ್ಟೆಂಬರ್ ೭ರ ನಡುರಾತ್ರಿ ಕಳೆದ ಮೇಲೆ.

ಅಂದು ಚಂದ್ರಯಾನ ೨ರ ವಿಕ್ರಮವು ಚಂದ್ರನ ಮೇಲೆ ಇಳಿಯಬೇಕಾಗಿದ್ದಿತು. ಶಾಲೆಯ ಹಜಾರದಲ್ಲಿ ದೂರದರ್ಶನವನ್ನಿಟ್ಟು ಮಕ್ಕಳನ್ನೂ ತಂದೆತಾಯಿಗಳನ್ನೂ ಕರೆದಿದ್ದೆನು; ಹಂಚುವುದಕ್ಕೆ ಲಾಡು ಮಾಡಿಸಿದ್ದೆನು. ನೆಲದಿಂದ ೨.೧ ಕಿಲೋಮೀಟರು ಎತ್ತರದಲ್ಲಿ ಮಾತು ನಿಂತುಹೋಯಿತು. ಏನು ಹೇಳಬೇಕೆಂದು ತೋರದೆ, "ಹೊತ್ತಾಯಿತು, ಹೋಗಿ ಮಲಗಿರಿ" ಎಂದುಬಿಟ್ಟೆನು. ಉಪಾಧ್ಯಾಯನಾಗಿ ನಾನು ಮಾಡಿದ ತಪ್ಪುಗಳಲ್ಲಿ ಇದು ಸಣ್ಣದಲ್ಲ. ಸೋಮವಾರ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಂದು, "ಸಾರ್, ಫೇಲಾದವರಿಗೇ ಮತ್ತೆ ಕೊಡ್ತಾರಾ? ಇಲ್ಲ, ಬೇರೆಯವರನ್ನ ಕರೀತಾರಾ?" ಎಂದು ಕೇಳಿದಳು. ಏಕೆ ಕೇಳುತ್ತಿ ಎಂದರೆ ಮಾತಿಲ್ಲ. ಆಮೇಲೆ ತಿಳಿಯಿತು: ಅವಳ ಅಣ್ಣನು ಆ ವರ್ಷ ಹತ್ತನೆಯ ತರಗತಿಯ ಲೆಕ್ಕದಲ್ಲಿ ತಪ್ಪಿ, ಶಾಲೆಯನ್ನು ಬಿಟ್ಟು ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತಿದ್ದನು, ಮನೆಯಲ್ಲಿ ಅವನ ಸಂಗಡ ತಂದೆ ಮಾತು ಬಿಟ್ಟಿದ್ದರು.

ಅವಳಿಗೆ ಅಂದು ನಾನು ಉತ್ತರ ಕೊಡಲಾರದೆ ಹೋದೆನು. ಉತ್ತರ ಕೊಟ್ಟವರು ಆ ಕೆಲಸ ಮಾಡಿದವರೇ. ಎಂಜಿನುಗಳು ಎಣಿಸಿದುದಕ್ಕಿಂತ ತುಸು ಹೆಚ್ಚು ಬಲವನ್ನು ಕೊಟ್ಟುವು. ಸಣ್ಣ ಸಣ್ಣ ತಪ್ಪುಗಳು ಕೂಡುತ್ತ ಹೋದುವು. ಅವನ್ನು ತಿದ್ದಿಕೊಳ್ಳಲು ಬೇಕಾದಷ್ಟು ಬೇಗ ತಿರುಗುವುದಕ್ಕೆ ನೌಕೆಗೆ ಅಪ್ಪಣೆಯಿರಲಿಲ್ಲ. ಇಳಿಯಬೇಕಾದ ಜಾಗವೂ ಉದ್ದಗಲ ೫೦೦ ಮೀಟರಿನಷ್ಟು ಕಿರಿದು. ಇದನ್ನೆಲ್ಲ ಅವರು ಮುಚ್ಚಿಡದೆ ಹುಡುಕಿ, ಹೇಳಿ, ಒಂದೊಂದಾಗಿ ತಿದ್ದಿದರು. ಹೊಸ ವಿಕ್ರಮಕ್ಕೆ ಗಟ್ಟಿಯಾದ ಕಾಲುಗಳು, ಹೆಚ್ಚು ಇಂಧನ, ಐದರ ಬದಲು ನಾಲ್ಕು ಎಂಜಿನು, ವೇಗವನ್ನಳೆಯುವ ಹೊಸ ಉಪಕರಣ. ಇಳಿಯುವ ಜಾಗ ನಾಲ್ಕು ಕಿಲೋಮೀಟರು ಉದ್ದ, ಸುಮಾರು ಎರಡೂವರೆ ಕಿಲೋಮೀಟರು ಅಗಲ. ಹಿಂದಿನ ಯಾನದಲ್ಲಿ ಎಲ್ಲವೂ ನಷ್ಟವಾಗಿರಲಿಲ್ಲ. ಚಂದ್ರನನ್ನು ಸುತ್ತುವ ಭಾಗವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದಿತು. ಹೊಸ ವಿಕ್ರಮವು ಇಳಿಯುವುದಕ್ಕೆ ಎರಡು ದಿನ ಮೊದಲು ಆ ಹಳೆಯದೇ ಅದರೊಡನೆ ಮಾತು ಬೆಳೆಸಿತು.

ನನ್ನಿಂದಾದುದು ಇಷ್ಟು: ಗ್ಯಾರೇಜು ಮುಚ್ಚಿದ ಮೇಲೆ ಆ ಅಣ್ಣನಿಗೆ ನಮ್ಮ ಜಗಲಿಯಲ್ಲಿ ಲೆಕ್ಕ ಹೇಳಿಕೊಟ್ಟೆನು. ಹಳೆಯ ಉತ್ತರಪತ್ರಿಕೆಯ ನಕಲನ್ನು ತರಿಸಿ, ಎಲ್ಲಿ ಎಲ್ಲಿ ತಪ್ಪಿದೆಯೆಂದು ಮೊದಲು ಅವನಿಂದಲೇ ಪಟ್ಟಿ ಮಾಡಿಸಿದೆನು. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಆಯಿತು.

೨೦೨೩ನೆಯ ಆಗಸ್ಟ್ ೨೩ರ ಸಂಜೆ ೬ ಗಂಟೆ ೪ ನಿಮಿಷಕ್ಕೆ ವಿಕ್ರಮವು ಚಂದ್ರನ ನೆಲವನ್ನು ಮುಟ್ಟಿದಾಗ ಆ ಅಣ್ಣತಂಗಿಯರಿಬ್ಬರೂ ನಮ್ಮ ಮನೆಯಲ್ಲಿಯೇ ಇದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವನು ಮಾತ್ರ ದೂರದರ್ಶನದ ಕಡೆಗೆ ನೋಡುತ್ತ, "ಸಾರ್, ಇವರು ನನಗಿಂತ ವಾಸಿ. ಎರಡನೇ ಸಲಕ್ಕೇ ಪಾಸಾದರು" ಎಂದನು. ಮೂಲೆಯಲ್ಲಿ ಕುಳಿತಿದ್ದ ಅವನ ತಂದೆ ಅದನ್ನು ಕೇಳಿ ನಕ್ಕರು.

ಆದುದರಿಂದ ಮನೆಯ ಯಜಮಾನರಲ್ಲಿಯೂ ಯಜಮಾನಿಯರಲ್ಲಿಯೂ ನನ್ನ ಬಿನ್ನಹವಿಷ್ಟು. ಮಕ್ಕಳ ಭಾಷಣವನ್ನು ಕೇಳಿ ಮೆಚ್ಚಿರಿ. ಆದರೆ ಅದರಲ್ಲಿಲ್ಲದ ಒಂದು ಪ್ರಶ್ನೆಯನ್ನೂ ಕೇಳಿರಿ. ಉತ್ತರ ತಮಗೂ ತಿಳಿಯದಿದ್ದರೆ ತಿಳಿಯದೆನ್ನಿರಿ; ಒಟ್ಟಿಗೆ ಹುಡುಕಿರಿ. ಗೆದ್ದ ದಿನದ ಜೊತೆಗೆ ತಪ್ಪಿದ ದಿನವನ್ನೂ, ಆ ನಡುವಣ ನಾಲ್ಕು ವರ್ಷಗಳ ಕೆಲಸವನ್ನೂ ಹೇಳಿರಿ.

ನೆರೆಮನೆಯ ಹುಡುಗನಿಗೆ ಈ ಭಾನುವಾರ ಬರಲು ಹೇಳಿದ್ದೇನೆ. ಬಿಂದಿಗೆಯೂ ಸುಣ್ಣದ ಪುಡಿಯೂ ಸಿದ್ಧವಾಗಿವೆ. ಚೆಂಡನ್ನು ಅವನೇ ತರುತ್ತಾನಂತೆ.